ಊಟದ ಬ್ಯಾಂಡ್ ಅಂತ ನಕ್ಕವರಿಗೆ

ಗಂಗಾವತಿಯಲ್ಲಿ ‘ನಮ್ಮದೊಂದು ಬ್ಯಾಂಡ್ ಐತ್ರಿ’ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಕೆಂಪು ಕೋಟು ಹಾಕ್ಕೊಂಡು ಮೆರವಣಿಗ್ಯಾಗ ಊದ್ತಾರಲ್ಲ, ಆ ಬ್ಯಾಂಡಾ?’ ಆ ಬ್ಯಾಂಡ್ ಅಲ್ಲ. ಜಾತ್ರೆಯಲ್ಲಿ ಬೆಳಗಾಗುವವರೆಗೆ ನಡೆಯುವ ರಸಮಂಜರಿಯೂ ಅಲ್ಲ. ನಾವು ಐದು ಜನ. ನಾನು ಕೀಬೋರ್ಡ್, ಒಬ್ಬ ಹುಡುಗ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್), ನಮ್ಮ ಸೋದರಮಾವ ತಬಲಾ, ಹಾಡಲು ಒಬ್ಬ ತಮ್ಮ, ಒಬ್ಬರು ಅಕ್ಕ. ಮದುವೆಯಲ್ಲಿ ಜನ ಊಟಕ್ಕೆ ಕೂತಾಗ ನುಡಿಸುತ್ತೇವೆ. ಅಷ್ಟೇ ನಮ್ಮ ಕೆಲಸ. ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕುವುದಿಲ್ಲ. ಡ್ಯಾನ್ಸರ್ ಇಲ್ಲ. ರಾತ್ರಿ ಹತ್ತರ ಮೇಲೆ ಒಂದು ಹಾಡೂ ಇಲ್ಲ. ಹೋದ ವರ್ಷ ಹೀಗೇ ಅರವತ್ತರ ಹತ್ತಿರ ಕಾರ್ಯಕ್ರಮ ಆದವು. ಈ ಲೈನಿನಲ್ಲಿ ಇರುವವರಿಗೆ ಆ ಲೆಕ್ಕದ ಬೆಲೆ ಗೊತ್ತು. ಶುರು ಮಾಡಿದಾಗ ‘ಊಟದ ಬ್ಯಾಂಡ್’ ಅಂತ ನಕ್ಕವರೇ ಈಗ ಫೋನ್ ಮಾಡಿ ‘ಹೆಂಗ್ ಮಾಡಿದಿರಿ’ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. 2016ರಲ್ಲಿ ಎಂಟು ಜನ ಸೇರಿ ಆರ್ಕೆಸ್ಟ್ರಾ ಕಟ್ಟಿದೆವು. ಸೌಂಡ್‌ಗೆ ಅಂತ ಒಂದೂವರೆ ಲಕ್ಷ ಸಾಲ, ನೂರಕ್ಕೆ ಎರಡರಂತೆ ತಿಂಗಳ ಬಡ್ಡಿ. ಹದಿನೈದು ಇಂಚಿನ ನಾಲ್ಕು ಟಾಪ್ ಸ್ಪೀಕರ್, ಎರಡು ಬೇಸ್ ಸ್ಪೀಕರ್, ಹನ್ನೆರಡು ಚಾನೆಲ್ಲಿನ ಮಿಕ್ಸರ್, ಎಲ್ಲಾ ಸೆಕೆಂಡ್ ಹ್ಯಾಂಡ್. ನಾಲ್ಕು ಮೈಕು ಮಾತ್ರ ಹೊಸವು. ಅವು ಡೂಪ್ಲಿಕೇಟ್ ಅಂತ ಗೊತ್ತಾಗಿದ್ದು ಒಂದು ಮಳೆಗಾಲ ಕಳೆದ ಮೇಲೆ. ಒಂದು ಕಾರ್ಯಕ್ರಮಕ್ಕೆ ಹದಿನೈದು ಸಾವಿರ ಸಿಕ್ಕರೆ ದೊಡ್ಡದು. ಅದರಲ್ಲಿ ಟಾಟಾ ಏಸ್‌ಗೆ ಎರಡೂವರೆ, ಜನರೇಟರ್‌ಗೆ ಮೂರು, ಡ್ಯಾನ್ಸರ್ ಇಬ್ಬರಿಗೆ ನಾಲ್ಕು ಸಾವಿರ. ಉಳಿದದ್ದು ಎಂಟು ತಲೆಗೆ ಹಂಚಿದರೆ ಆರುನೂರೋ ಏಳುನೂರೋ. ಬಡ್ಡಿ ಅದರಲ್ಲೇ ಕಟ್ಟಬೇಕು. ಪ್ಯಾಡ್ ಹುಡುಗ ಒಂದು ದಿನ ಲೆಕ್ಕ ಹಾಕಿ ಹೇಳಿದ: ‘ಅಣ್ಣಾ, ಭತ್ತದ ಸೀಜನ್ನಿನ್ಯಾಗ ಮಿಲ್ಲಿನ್ಯಾಗ ಹಮಾಲಿ ಮಾಡಿದ್ರ ಇದಕ್ಕಿಂತ ಜಾಸ್ತಿ ಬರ್ತೈತಿ, ರಾತ್ರಿ ನಿದ್ದೀನೂ ಆಕ್ಕೈತಿ.’ ಸುಳ್ಳಲ್ಲ.

ಕುಷ್ಟಗಿ ಕಡೆಯ ಒಂದು ಜಾತ್ರೆ ಇನ್ನೂ ನೆನಪಿದೆ. ನಮ್ಮ ಸ್ಟೇಜಿನ ಎದುರಿಗೇ ಡಿಜೆ ಗಾಡಿ ತಂದು ನಿಲ್ಲಿಸಿದರು. ಅವರ ಒಂದು ಬೇಸಿನ ಮುಂದೆ ನಮ್ಮ ಎಂಟೂ ಜನ ಕೂಗಿದರೂ ಇಲ್ಲ. ನಾನು ಮಿಕ್ಸರಿನಲ್ಲಿ ಸದ್ದು ಏರಿಸಿದೆ, ಮೈಕು ಸೀಟಿ ಹೊಡೆಯಿತು, ಇನ್ನೂ ಏರಿಸಿದೆ, ಒಂದು ಟಾಪ್ ಸುಟ್ಟಿತು. ಹತ್ತು ಗಂಟೆಗೆ ಪೊಲೀಸರು ಬಂದು ಇಬ್ಬರದೂ ಬಂದ್ ಮಾಡಿಸಿದರು. ‘ಅರ್ಧ ಕಾರ್ಯಕ್ರಮಕ್ಕ ಅರ್ಧ ರೊಕ್ಕ’ ಅಂತ ಕಮಿಟಿಯವರು ಎಂಟು ಸಾವಿರ ಹಿಡಿದುಕೊಂಡರು. ಇವತ್ತಿಗೂ ಬಂದಿಲ್ಲ. ಒಂದು ಉತ್ಸವದಲ್ಲೂ ಹಾಡಿದೆವು, ಯಾವುದು ಅಂತ ಬೇಡ. ಶಾಲು ಅವತ್ತೇ ಬಂತು, ದುಡ್ಡು ಬರಲು ಹನ್ನೊಂದು ತಿಂಗಳು ಹಿಡಿಯಿತು.

2020ರಲ್ಲಿ ಲಾಕ್‌ಡೌನ್ ಆಗಿ ಎಲ್ಲಾ ಮುಗಿಯಿತು. ಎಂಟರಲ್ಲಿ ನಾಲ್ವರು ಬೇರೆ ಕೆಲಸ ಹಿಡಿದರು. ಮರುವರ್ಷ, ಜನ ಎಣಿಸಿ ಮದುವೆ ಮಾಡುತ್ತಿದ್ದ ಕಾಲದಲ್ಲಿ, ಕಾರಟಗಿಯಲ್ಲಿ ಮಾವನ ಪರಿಚಯದವರ ಮನೆ ಮದುವೆ. ಡಿಜೆ ಇಲ್ಲ, ಮೆರವಣಿಗೆ ಇಲ್ಲ. ‘ಮನಿ ಭಣಭಣ ಅಂತೈತಿ, ನೀವು ನಾಲ್ಕು ಮಂದಿ ಬಂದು ಏನಾರ ಬಾರಿಸ್ರಿ’ ಅಂದರು. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಜಾಗ ಇಲ್ಲದೆ ನಾವೂ ಅಲ್ಲೇ ಒಂದು ಮೂಲೆಯಲ್ಲಿ ಜಮಖಾನೆ ಹಾಕಿಕೊಂಡೆವು. ಒಂದೇ ಸ್ಪೀಕರ್. ಬೈದಾರು ಅಂತ ಹೆದರಿ ಮೆಲ್ಲಗೆ ಇಟ್ಟಿದ್ದೆ.

ಮೂರನೇ ಹಾಡಿಗೆ ನನ್ನ ಕಣ್ಣು ಎದುರಿನ ಎಲೆಯ ಮೇಲೆ ಬಿತ್ತು. ಎಪ್ಪತ್ತು ದಾಟಿದ ಅಜ್ಜ. ಬಲಗೈ ಹುಗ್ಗಿಯಲ್ಲಿದೆ. ಎಡಗೈ ಧೋತರದ ಮೇಲೆ, ಮೊಣಕಾಲಿಗೆ ತಾಳ ಹಾಕುತ್ತಿದೆ. ಮಾವ ಬೇಕೆಂದೇ ಒಂದು ತಿಹಾಯಿ ಹಾಕಿದರು, ಅಂದರೆ ಒಂದೇ ಪೆಟ್ಟಿನ ಗುಂಪನ್ನು ಮೂರು ಸಲ ಬಾರಿಸಿ ಮುಗಿಸುವುದು. ಅಜ್ಜನ ಬೆರಳು ಸರಿಯಾಗಿ ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ನಿಂತವು. ತುತ್ತು ಮಾತ್ರ ಅಲ್ಲೇ ಉಳಿದಿತ್ತು. ಬಡಿಸುವ ಹುಡುಗ ಬಕೆಟ್ ಹಿಡಿದು ಕಾಯುತ್ತಿದ್ದ. ಅವತ್ತು ನಮಗೆ ಸಿಕ್ಕಿದ್ದು ನಾಲ್ಕು ಸಾವಿರ. ಆದರೆ ಆ ಒಂದು ಪಂಕ್ತಿಯಿಂದಲೇ ಮೂರು ಮದುವೆ ಬುಕ್ ಆದವು. ಅಲ್ಲಿಯವರೆಗೆ ಐದು ವರ್ಷದಲ್ಲಿ ಒಂದು ಕಾರ್ಯಕ್ರಮದಿಂದ ಇನ್ನೊಂದು ಹುಟ್ಟಿದ್ದೇ ಇರಲಿಲ್ಲ.

ಮನೆಗೆ ಬಂದು ಯೋಚನೆ ಮಾಡಿದೆ. ಡಿಜೆ ಮುಂದೆ ಕುಣಿಯುವ ಹುಡುಗರ ಕೈಯಲ್ಲಿ ದುಡ್ಡು ಇರುವುದಿಲ್ಲ. ಇರುವವರು ಅವರ ಅಪ್ಪಂದಿರು, ಮಾವಂದಿರು. ಅವರು ಊಟಕ್ಕೆ ಕೂತಾಗ ಮಾತ್ರ ಅರ್ಧ ಗಂಟೆ ಎಲ್ಲೂ ಏಳುವುದಿಲ್ಲ. ಅವರ ಮುಂದಿನ ಮದುವೆ ಯಾವಾಗ ಅನ್ನುವ ಮಾತೂ ಅಲ್ಲೇ ನಡೆಯುತ್ತಿರುತ್ತದೆ. ಹಾಗಾದರೆ ನಾವು ನುಡಿಸಬೇಕಾದ ಜಾಗ ಅದೇ ಅಲ್ವಾ?

ದೊಡ್ಡ ಸೌಂಡ್ ಮಾರಿದೆ. ಕಂಪ್ಲಿಯವರೊಬ್ಬರು ಐವತ್ತೈದು ಸಾವಿರಕ್ಕೆ ಒಯ್ದರು. ಮಾವ ಎರಡು ವಾರ ಮಾತು ಬಿಟ್ಟರು. ಗೆಳೆಯನೊಬ್ಬ, ಅವನದೂ ಆರ್ಕೆಸ್ಟ್ರಾ, ಎಲ್ಲರ ಮುಂದೆ ಅಂದ: ‘ಲೇ, ಮಂದಿ ಅನ್ನ ತಿನ್ನಾಗ ಚಪ್ಪಾಳಿ ಹೆಂಗ್ ಹೊಡಿತಾರಲೇ? ಕೈಯೆಲ್ಲಾ ಸಾರಾಗಿರ್ತೈತಿ!’ ನಿಜ, ನಮಗೆ ಚಪ್ಪಾಳೆ ಬರುವುದಿಲ್ಲ. ಹಾಡುವ ತಮ್ಮನಿಗೆ ಮೊದಲ ಆರು ತಿಂಗಳು ಇದೇ ಕೊರಗು. ಎಡಗೈ ನೋಡುವುದನ್ನು ಕಲಿಸಿದೆ. ಈಗ ಅವನೇ ಎಣಿಸುತ್ತಾನೆ, ‘ಅಣ್ಣಾ, ಈ ಸಾಲಿನ್ಯಾಗ ಏಳು ಕೈ’ ಅಂತ.

ಸೌಂಡ್ ವಿಷಯ. ಎಂಟು ಇಂಚಿನ ನಾಲ್ಕು ಸಣ್ಣ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವವು) ತಗೊಂಡೆ. ಎರಡನ್ನು ಜೋರಾಗಿ ಇಡುವ ಬದಲು ನಾಲ್ಕನ್ನು ಮೆಲ್ಲಗೆ ಇಡಬೇಕು, ಪಂಕ್ತಿಯ ಉದ್ದಕ್ಕೂ, ಕೂತವರ ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ. ಮೊಬೈಲಿನಲ್ಲಿ ಡೆಸಿಬೆಲ್ ನೋಡುತ್ತೇನೆ, ನಡುವಿನ ಎಲೆಯ ಹತ್ತಿರ ಎಪ್ಪತ್ತರ ಆಚೀಚೆ. ನನ್ನ ಅಳತೆ ಇನ್ನೂ ಸುಲಭ: ಬಡಿಸುವವನು ‘ಸಾರು, ಸಾರು’ ಅಂದದ್ದು ಎರಡು ಎಲೆ ಆಚೆ ಕೇಳಬೇಕು. ಕೇಳಲಿಲ್ಲ ಅಂದರೆ ನಾವು ಜಾಸ್ತಿ. ಹಾಡುಗಳನ್ನೂ ಕೀಬೋರ್ಡಿನ ಟ್ರಾನ್ಸ್‌ಪೋಸ್, ಅಂದರೆ ಶ್ರುತಿ ಬದಲಿಸುವ ಸೆಟ್ಟಿಂಗ್, ಮೈನಸ್ ಎರಡಕ್ಕೋ ಮೂರಕ್ಕೋ ಇಳಿಸಿ ಹಾಡಿಸುತ್ತೇನೆ. ತಾರಕದಲ್ಲಿ ಕಿರುಚಿದರೆ ಜನ ತಲೆ ಎತ್ತಿ ನೋಡುತ್ತಾರೆ, ಊಟ ನಿಲ್ಲುತ್ತದೆ.

ಇಲ್ಲಿ ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಗ್ರೈಂಡರ್. ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಹಾಡು ಚರಣಕ್ಕೆ ಬಂದಿತ್ತು. ಒಳಗೆ ಅಡುಗೆಯವರು ಚಟ್ನಿಗೆ ದೊಡ್ಡ ಗ್ರೈಂಡರ್ ಹಾಕಿದರು. ಲೈಟು ಒಮ್ಮೆ ಮಂಕಾಯಿತು, ನನ್ನ ಕೀಬೋರ್ಡ್ ಸ್ಕ್ರೀನ್ ಕಪ್ಪಾಯಿತು. ಅದು ಮತ್ತೆ ಏಳಲು ಹದಿನೈದು ಇಪ್ಪತ್ತು ಸೆಕೆಂಡ್ ಬೇಕು. ಅಕ್ಕ ಬರೀ ತಬಲಾ ಮೇಲೆ ಹಾಡು ಎಳೆದರು, ಮರ್ಯಾದೆ ಉಳಿಯಿತು ಅಂದುಕೊಂಡೆ. ಕೀಬೋರ್ಡ್ ಎದ್ದ ಕೂಡಲೇ ಕೈ ಇಟ್ಟೆ. ಟ್ರಾನ್ಸ್‌ಪೋಸ್ ಸೊನ್ನೆಗೆ ಹೋಗಿತ್ತು! ಅಕ್ಕನದೊಂದು ಶ್ರುತಿ, ನನ್ನದೊಂದು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು, ಬಡಿಸುವವರ ಸಮೇತ.

ಸ್ಟೆಬಿಲೈಜರ್ ತಂದೆ, ಮೂರು ಸಾವಿರ ದಂಡ, ಉಪಯೋಗವಾಗಲಿಲ್ಲ. ಅಗ್ಗದ ಇನ್ವರ್ಟರ್ ತಂದೆ, ಸ್ಪೀಕರ್ ತುಂಬಾ ಗುಂಯ್ ಅನ್ನುವ ಸದ್ದು. ಅದು ಸ್ಕ್ವೇರ್ ವೇವ್, ಕರೆಂಟು ನುಣುಪಾಗಿ ಬರುವುದಿಲ್ಲ. ಕೊನೆಗೆ ನುಣುಪಾದ ಕರೆಂಟು ಕೊಡುವ 850 ವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಎಎಚ್ ಬ್ಯಾಟರಿ, ಎರಡೂ ಸೇರಿ ಇಪ್ಪತ್ತು ಸಾವಿರದ ಮೇಲೆ. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೋಗುತ್ತೇನೆ. ಮಂಟಪದ ಕರೆಂಟಿಗೆ ನಮ್ಮ ವೈರ್ ಮುಟ್ಟಿಸುವುದೇ ಇಲ್ಲ. ನಮ್ಮ ವಾಲ್ಯೂಮಿಗೆ ಎರಡೂವರೆ ಗಂಟೆ ಆರಾಮಾಗಿ ಬರುತ್ತದೆ. ಜನರೇಟರ್ ಖರ್ಚೂ ಉಳಿಯಿತು. ಬ್ಯಾಟರಿ ಮಾತ್ರ ಐವತ್ತು ಕಿಲೋ ದಾಟುತ್ತದೆ, ಹೊರುವಾಗ ಎಲ್ಲರಿಗೂ ಫೋನ್ ಬರುತ್ತದೆ.

ಇನ್ನು ಹಾಡಿನ ಪಟ್ಟಿ. ಒಂದು ಪಂಕ್ತಿ ಇಪ್ಪತ್ತೈದು ನಿಮಿಷ, ಅಂದರೆ ಐದು ಹಾಡು. ಎಲೆ ಹಾಕಿ ಉಪ್ಪು ಬಡಿಸುವಾಗ ಒಂದು ವಚನ ಇಲ್ಲವೇ ತತ್ವಪದ. ಸಿಹಿ ಬರುವಾಗ ಹಳೆಯ ಕನ್ನಡ ಸಿನಿಮಾ ಹಾಡು, ನಿಧಾನದ್ದು. ಅನ್ನ ಸಾರಿಗೆ ಲಯ ಸ್ವಲ್ಪ ಏರಬೇಕು. ಮಜ್ಜಿಗೆ ಹೊತ್ತಿಗೆ ಇನ್ನೂ ಏರಿಸಿದರೆ ಪಂಕ್ತಿ ತಾನಾಗಿ ಏಳುತ್ತದೆ. ಏಳಿಸುವ ಆ ಐದನೇ ಹಾಡು ಯಾವುದು ಅಂತ ಕೇಳಬೇಡಿ. ಅದನ್ನು ಹುಡುಕಲು ನಮಗೆ ಒಂದು ಸೀಜನ್ ಬೇಕಾಯಿತು. ಇದರಿಂದ ನಾನು ಎಣಿಸದ ಒಂದು ಲಾಭ ಆಯಿತು. ಪಂಕ್ತಿ ಬೇಗ ತಿರುಗಿದರೆ ಅಡುಗೆಯವರಿಗೆ ಸಂತೋಷ. ಗಂಗಾವತಿಯ ಒಬ್ಬ ಅಡುಗೆ ಕಾಕಾ ತಾವೇ ಹೇಳತೊಡಗಿದರು, ‘ಈ ಹುಡುಗರ್ನ ಕರಸ್ರಿ, ಮಂದಿ ಲಗೂ ಏಳ್ತಾರ’ ಅಂತ. ಈಗ ನಮ್ಮ ಅರ್ಧ ಬುಕಿಂಗ್ ಬರುವುದು ಅಡುಗೆಯವರಿಂದ. ಒಂದಕ್ಕೆ ಐನೂರು ಕೊಡುತ್ತೇವೆ. ಕಾರ್ಡ್ ಪ್ರಿಂಟ್ ಹಾಕಿಸಿ ಶಾಮಿಯಾನದವರಿಗೆ, ಫೋಟೋದವರಿಗೆ ಹಂಚಿದ್ದೆ. ಅದರಿಂದ ಎರಡೋ ಮೂರೋ ಬಂದಿರಬೇಕು.

ಊರಿಂದ ಊರಿಗೆ ಪಟ್ಟಿ ಬದಲಾಗುತ್ತದೆ. ಯಲಬುರ್ಗಾ, ಕುಕನೂರು ಕಡೆ ವಚನ, ಜಾನಪದ ಸಾಕು. ಮಾನ್ವಿ ಕಡೆ ದಾಸರ ಪದ ಬೇಕು. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಇಲ್ಲದೆ ನಡೆಯುವುದಿಲ್ಲ, ಹತ್ತಕ್ಕೆ ಆರು ತೆಲುಗು ಇಡುತ್ತೇವೆ. ಸಿಂಧನೂರಿನಲ್ಲಿ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಳಿ ಮನೆಯ ಮದುವೆ ಒಂದು ಬಂತು. ಎರಡು ಬಂಗಾಳಿ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೋದೆವು. ಅಕ್ಕನ ಉಚ್ಚಾರಣೆಗೆ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು, ಆಮೇಲೆ ಅವರೇ ಪಕ್ಕದಲ್ಲಿ ಕೂತು ತಿದ್ದಿದರು. ಮೀನಿನ ಊಟ ಭಾರಿ ಇತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಾಣಾಪುರ ಕಡೆ ಪ್ರವಾಸಿಗರು ಇಳಿದುಕೊಳ್ಳುವ ಜಾಗದಲ್ಲಿ ಸಂಜೆ ನುಡಿಸಿ ನೋಡಿದೆವು. ತಬಲಾ ಬದಲು ಕಹೋನ್ ಅನ್ನುವ ಮರದ ಪೆಟ್ಟಿಗೆಯಂಥ ವಾದ್ಯ ತಂದೆ. ಮಾವ ಅದರ ಮೇಲೆ ಒಂದೇ ದಿನ ಕೂತರು, ‘ಇದು ಕೂರೋ ಡಬ್ಬಿನೋ ಬಾರಿಸೋ ಡಬ್ಬಿನೋ’ ಅಂತ ಎದ್ದರು. ಕೇಳುವವರು ಹತ್ತು ಜನ, ಅದರಲ್ಲಿ ನಾಲ್ವರು ಮೊಬೈಲಿನಲ್ಲಿ. ಚಹಾ, ಊಟ ಕೊಟ್ಟರು, ದುಡ್ಡು ಸಾವಿರ ದಾಟಲಿಲ್ಲ. ನಾಲ್ಕು ಸಂಜೆ ನೋಡಿ ಬಿಟ್ಟೆವು. ಕಹೋನ್ ಈಗ ಮೈಕ್ ಸ್ಟ್ಯಾಂಡ್ ಇಡಲು ಆಗುತ್ತದೆ.

ದುಡ್ಡಿನ ಲೆಕ್ಕ. ಎರಡು ಗಂಟೆಗೆ ಈಗ ಇಪ್ಪತ್ತು ಸಾವಿರ. ಐದು ಸಾವಿರ ಸಂಚಕಾರ (ಅಡ್ವಾನ್ಸ್) ಬಂದ ಮೇಲೇ ತಾರೀಖು ಬರೆದುಕೊಳ್ಳುವುದು. ಬಾಕಿ ಮೊದಲ ಪಂಕ್ತಿ ಕೂರುವ ಮುಂಚೆ. ಇದನ್ನು ಕೇಳಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಹುಡುಗಿಯ ಅಪ್ಪನನ್ನು ಯಾವತ್ತೂ ಕೇಳಬಾರದು, ಅವತ್ತು ಅವರಿಗೆ ನೂರು ತಲೆನೋವು. ಯಾರನ್ನು ಕೇಳಬೇಕು, ಯಾವ ಹೊತ್ತಿನಲ್ಲಿ ಕೇಳಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಓಮ್ನಿ ವ್ಯಾನಿಗೆ ಒಂದೂವರೆ ಸಾವಿರ, ಅಡುಗೆಯವರಿಗೆ ಐನೂರು ತೆಗೆದರೆ ಹದಿನೆಂಟು ಸಾವಿರ ಉಳಿಯುತ್ತದೆ. ಅದನ್ನು ಆರು ಪಾಲು ಮಾಡುತ್ತೇವೆ, ಐದು ನಮಗೆ, ಒಂದು ಪೆಟ್ಟಿಗೆಗೆ. ಪೆಟ್ಟಿಗೆ ಪಾಲಿನಿಂದಲೇ ಹಳೇ ಸಾಲ 2023ಕ್ಕೆ ತೀರಿತು. ಆಷಾಢ, ಧನುರ್ಮಾಸದಲ್ಲಿ ಕೆಲಸ ಇಲ್ಲ, ಆಗ ಪೆಟ್ಟಿಗೆಯಿಂದಲೇ ಎಲ್ಲರಿಗೂ ಸ್ವಲ್ಪ ಮುಂಗಡ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಎರಡು ಮದುವೆಯವರು ವಾರದೊಳಗೆ ಫೋನ್ ಮಾಡಿ ‘ಸದ್ಯ ಬ್ಯಾಡ್ರಿ’ ಅಂದರು. ಭತ್ತಕ್ಕೆ ನೀರು ಬಂದರೆ ತಾನೇ ನಮ್ಮ ಕಡೆ ಹಾಡು? ಸಂಚಕಾರ ವಾಪಸ್ ಕೊಟ್ಟೆವು. ಮುಂದೆ ಆ ಎರಡೂ ಮನೆಯವರು ನಮ್ಮನ್ನೇ ಕರೆದರು.

ಈಗಿನ ತಲೆನೋವು ಬಫೆ. ಗಂಗಾವತಿ, ಕೊಪ್ಪಳ ಎರಡೂ ಕಡೆ ದೊಡ್ಡ ಮಂಟಪಗಳಲ್ಲಿ ಪಂಕ್ತಿ ಕಡಿಮೆಯಾಗುತ್ತಿದೆ. ತಟ್ಟೆ ಹಿಡಿದು ಓಡಾಡುವವರಿಗೆ ಎಡಗೈ ಖಾಲಿ ಇರುವುದಿಲ್ಲ, ಒಂದು ಹಾಡನ್ನೂ ಪೂರ್ತಿ ಕೇಳುವುದಿಲ್ಲ. ಮೂರು ಬಫೆ ಮಾಡಿದೆವು, ಮೂರೂ ಸಪ್ಪೆ. ಮೂರನೆಯದರಲ್ಲಿ ಸ್ಟೇಜ್ ಬಿಟ್ಟು ಪಾನಿಪೂರಿ ಕೌಂಟರ್ ಪಕ್ಕದಲ್ಲಿ ಕೂತು ನೋಡಿದೆವು, ಜನ ಸಾಲಾಗಿ ನಿಲ್ಲುವುದು ಅಲ್ಲೊಂದೇ ಕಡೆ. ಜನ ನಿಂತರು, ಕೇಳಿದರು, ಆದರೆ ಕೇಳುತ್ತಾ ಕೇಳುತ್ತಾ ಎರಡೆರಡು ಪ್ಲೇಟ್ ತಿಂದು ಎಂಟೂವರೆಗೇ ಪಾನಿ ಖಾಲಿ ಮಾಡಿದರು. ಕೌಂಟರಿನವನು ನಮ್ಮನ್ನು ನೋಡಿದ ನೋಟ ಮಾವ ಇನ್ನೂ ಮರೆತಿಲ್ಲ. ಮುಂದಿನ ತಿಂಗಳು ಕೊಪ್ಪಳದಲ್ಲಿ ಇನ್ನೊಂದು ಬಫೆ ಇದೆ. ಈ ಸಲ ಮಜ್ಜಿಗೆ, ಬೀಡಾ ಕೊಡುವ ಕಡೆ ಕೂರುತ್ತೇವೆ.