ಮುರಿದದ್ದು ಹಲ್ಲು, ಸವೆದದ್ದು ಬೇರಿಂಗ್: ರಿಮೋಟ್ ಟ್ರಕ್ಕಿನ ಡಿಫರೆನ್ಶಿಯಲ್ ರಿಪೇರಿಯ ನನ್ನ ಅನುಭವ

ಪುಣೆಯ ಧಾಯರಿಯಲ್ಲಿ ನಮ್ಮ ಮನೆಯ ಹಿಂದೆ ಇನ್ನೂ ಕಟ್ಟಡ ಏಳದ ಒಂದು ಮುರುಮಿನ ಬಯಲಿದೆ. ಭಾನುವಾರ ಬೆಳಿಗ್ಗೆ ನಾನೂ ನನ್ನ ಮಗನೂ ಅಲ್ಲಿ ರಿಮೋಟ್ ಟ್ರಕ್ ಓಡಿಸುತ್ತೇವೆ. ಅದು ನಿಜವಾದ ಗಾಡಿಯ ಹತ್ತನೇ ಒಂದರಷ್ಟು ಅಳತೆಯ ಗಾಡಿ. ಮೋಟಾರಿನ ಶಕ್ತಿ ನಾಲ್ಕೂ ಗಾಲಿಗಳಿಗೆ ಹೋಗುತ್ತದೆ. ಈ ಗಾಡಿಯ ಹಿಂದಿನ ಡಿಫರೆನ್ಶಿಯಲ್ ಎಂಟು ತಿಂಗಳೊಳಗೆ ಮೂರು ಸಲ ಹಲ್ಲು ಮುರಿದುಕೊಂಡಿತು. ಮೊದಲ ಎರಡು ಸಲ ಮುರಿದ ಭಾಗವನ್ನು ತೆಗೆದು ಹೊಸದನ್ನು ಕೂರಿಸಿ, ರಿಪೇರಿ ಮುಗಿಯಿತೆಂದು ನಂಬಿದ್ದೆ. ಮೂರನೆಯ ಸಲ ಬಿಚ್ಚಿದಾಗಲೇ ನಿಜವಾದ ಕಾರಣ ಕೈಗೆ ಸಿಕ್ಕಿತು. ಆ ಕಾರಣ ಏನೆಂಬುದನ್ನೂ ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಟ್ಟು, ಶಕ್ತಿಯನ್ನು ಮಾತ್ರ ಎರಡಕ್ಕೂ ಮುಟ್ಟಿಸುವುದು ಡಿಫರೆನ್ಶಿಯಲ್‌ನ ಕೆಲಸ. ಮೋಟಾರಿನ ಕಡೆಯಿಂದ ಬರುವ ಪಿನಿಯನ್ ಎಂಬ ಚಿಕ್ಕ ಗೇರ್ ದೊಡ್ಡ ರಿಂಗ್ ಗೇರನ್ನು ತಿರುಗಿಸುತ್ತದೆ. ರಿಂಗ್ ಗೇರ್‌ಗೆ ಜೋಡಿಸಿದ ಡಬ್ಬಿಯೊಳಗೆ ಶಿಲುಬೆಯಾಕಾರದ ಪಿನ್ನಿನ ಮೇಲೆ, ಎರಡು ಗಾಲಿಗಳ ವೇಗ ಬೇರೆಯಾಗಲು ಬಿಡುವ ಪುಟ್ಟ ಸ್ಪೈಡರ್ ಗೇರ್‌ಗಳು ಕುಳಿತಿರುತ್ತವೆ. ನಮ್ಮ ಗಾಡಿಯಲ್ಲಿ ಪಿನಿಯನ್‌ಗೆ 13 ಹಲ್ಲು, ರಿಂಗ್ ಗೇರ್‌ಗೆ 37 ಹಲ್ಲು. ಅಂದರೆ ಪಿನಿಯನ್ ಸುಮಾರು 2.85 ಸುತ್ತು ಸುತ್ತಿದಾಗ ರಿಂಗ್ ಗೇರ್ ಒಂದು ಸುತ್ತು ಸುತ್ತುತ್ತದೆ. ಹೊರೆಯೆಲ್ಲ ಬೀಳುವುದು ಈ ಎರಡು ಗೇರ್‌ಗಳು ಕಚ್ಚುವ ಒಂದೆರಡು ಹಲ್ಲುಗಳ ಮೇಲೆ.

ಮೊದಲ ಸಲ ಹಲ್ಲು ಮುರಿದದ್ದು ಗಾಡಿ ಒಂದು ದಿಬ್ಬದಿಂದ ಹಾರಿ ಇಳಿದಾಗ. ಗಾಳಿಯಲ್ಲಿದ್ದಾಗ ಮಗ ಥ್ರಾಟಲ್ ಬಿಟ್ಟಿರಲಿಲ್ಲ. ಭರದಿಂದ ತಿರುಗುತ್ತಿದ್ದ ಗಾಲಿಗಳು ನೆಲ ಮುಟ್ಟಿದ ಕ್ಷಣದಲ್ಲಿ ಹಿಡಿತ ಸಿಕ್ಕಿ ನಿಂತಂತಾಗಿ, ಆ ಹೊಡೆತ ನೇರವಾಗಿ ರಿಂಗ್ ಗೇರ್‌ಗೆ ಹೋಯಿತು ಎಂದು ಲೆಕ್ಕ ಹಾಕಿ, ಮಗನಿಗೆ ಎರಡು ಮಾತು ಹೇಳಿ, ಹೊಸ ರಿಂಗ್ ಗೇರ್ ಹಾಕಿದೆ. ಎರಡನೆಯ ಸಲ ಹಾರಿಸಿರಲೇ ಇಲ್ಲ. ಸಪಾಟು ನೆಲದಲ್ಲಿ ಬ್ರೇಕ್ ಹಾಕಿದಾಗ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಆಗಲೂ ನಾನು ಗೇರಿನ ಲೋಹವನ್ನೇ ಅನುಮಾನಿಸಿ, ಹೆಚ್ಚು ಗಟ್ಟಿಯಾದ ಉಕ್ಕಿನ ಗೇರನ್ನು ದುಬಾರಿ ಬೆಲೆ ಕೊಟ್ಟು ತರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತು ನನ್ನ ಕೆಲಸ.

ಮೂರನೆಯ ಸಲ ಅವಸರ ಮಾಡಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ಪಂಚೆಯನ್ನು ಹಾಸಿ, ಪಕ್ಕದಲ್ಲಿ ಸ್ಟೀಲ್ ತಟ್ಟೆ ಇಟ್ಟುಕೊಂಡು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಅಂಚಿನ ಸುತ್ತ ಇಡುತ್ತ ಹೋದೆ. ರಿಂಗ್ ಗೇರನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ದೀಪದ ಕೆಳಗೆ ಹಿಡಿದಾಗ, ಮುರಿಯದೆ ಉಳಿದ ಹಲ್ಲುಗಳ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಅಗಲದ ಹೊಳಪು ಪಟ್ಟಿ ಕಂಡಿತು. ಹಲ್ಲಿನ ಹೊಟ್ಟೆ ಮತ್ತು ಬುಡ ಹೊಸದರಂತೆಯೇ ಮಂಕಾಗಿದ್ದವು. ಎಂದರೆ ಪಿನಿಯನ್ ಹಲ್ಲನ್ನು ಪೂರ್ತಿ ಕಚ್ಚದೆ ತುದಿಯಲ್ಲಷ್ಟೇ ಹಿಡಿದು ಎಳೆಯುತ್ತಿತ್ತು. ಪಿನಿಯನ್‌ನ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿದೆ. ಅದು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಒಳಗಿನ ಬೇರಿಂಗ್ ಸವೆದು ಸಡಿಲವಾಗಿತ್ತು. ಇಂತಹ ಕೋನದ ಗೇರ್‌ಗಳು ಹೊರೆ ಬಿದ್ದಾಗ ಒಂದನ್ನೊಂದು ದೂರ ತಳ್ಳುತ್ತವೆ. ಬೇರಿಂಗ್ ಗಟ್ಟಿಯಾಗಿದ್ದರೆ ಅವು ಸರಿಯಲಾರವು. ಸಡಿಲವಾಗಿದ್ದರೆ ಸರಿದು ತುದಿಯಲ್ಲಿ ಮಾತ್ರ ಕಚ್ಚಿ, ಎಂತಹ ಉಕ್ಕಾದರೂ ಮುರಿಯುತ್ತವೆ. ಎರಡೂ ಸಲ ನಾನು ಹೊಸ ಗೇರನ್ನು ಅದೇ ಸವೆದ ಬೇರಿಂಗಿನ ಎದುರಿಗೆ ಕೂರಿಸಿದ್ದೆ.

ಬೇರಿಂಗ್ ಕೊಳ್ಳುವಾಗ ಗಾಡಿಯ ಹೆಸರು ಹೇಳಬೇಕಾಗಿಲ್ಲ, ಅಳತೆ ಹೇಳಿದರೆ ಸಾಕು. ನಮ್ಮ ಪಿನಿಯನ್‌ನದು ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿಲಿಮೀಟರ್; ಅದರ ಸಂಖ್ಯೆ ಎಂಆರ್115. ಡಬ್ಬಿಯ ಎರಡೂ ಬದಿಯವು 10, 15, 4, ಅವು 6700. ನಾನಾ ಪೇಠೆಯ ವಾಹನ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಇಷ್ಟು ಚಿಕ್ಕವು ಎಲ್ಲರಲ್ಲೂ ಇರುವುದಿಲ್ಲ, ಆದರೆ ಸಂಖ್ಯೆ ಬರೆದುಕೊಟ್ಟರೆ ತರಿಸಿಕೊಡುತ್ತಾರೆ. ನಮ್ಮ ಕಡೆಯ ಧೂಳಿಗೂ ಮಳೆಗಾಲದ ಕೆಸರಿಗೂ ಲೋಹದ ಮುಚ್ಚಳದ್ದಕ್ಕಿಂತ ರಬ್ಬರ್ ಮುಚ್ಚಳದ ಬೇರಿಂಗ್ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಜವಾದ ತಾಳ್ಮೆ ಬೇಕಾದದ್ದು ಇದರ ನಂತರದ ಕೆಲಸಕ್ಕೆ, ಅಂದರೆ ಶಿಮ್ ಕೂರಿಸುವುದಕ್ಕೆ. ಶಿಮ್ ಎಂದರೆ 0.1 ಅಥವಾ 0.2 ಮಿಲಿಮೀಟರ್ ದಪ್ಪದ ತೆಳು ವಾಷರ್. ಅದನ್ನು ರಿಂಗ್ ಗೇರ್‌ನ ಬೆನ್ನ ಕಡೆಯ ಬೇರಿಂಗ್‌ಗೆ ಸೇರಿಸಿದರೆ ರಿಂಗ್ ಗೇರ್ ಪಿನಿಯನ್‌ನ ಹತ್ತಿರ ಬರುತ್ತದೆ. ತೆಗೆದು ಎದುರು ಬದಿಗೆ ಹಾಕಿದರೆ ದೂರ ಹೋಗುತ್ತದೆ. ಎಣ್ಣೆ, ಗ್ರೀಸ್ ಏನೂ ಇಲ್ಲದೆ ಒಣಗೇರುಗಳನ್ನು ಜೋಡಿಸಿ, ಕವಚ ಮುಚ್ಚಿ, ಪಿನಿಯನ್ ದಂಡವನ್ನು ಬೆರಳಲ್ಲಿ ತಿರುಗಿಸುತ್ತೇನೆ. ಮರಳು ಸಿಕ್ಕಿದಂತೆ ತಡೆದರೆ ಕಚ್ಚು ಬಿಗಿಯಾಗಿದೆ. ಕಟಕಟ ಅಲುಗಿದರೆ ಸಡಿಲವಾಗಿದೆ. ರಿಂಗ್ ಗೇರ್ ಒಂದು ಪೂರ್ತಿ ಸುತ್ತು ಬರುವವರೆಗೂ ಎಲ್ಲಿಯೂ ತಡೆಯದೆ, ಹಿಂದೆ ಮುಂದೆ ಅಲುಗಿಸಿದರೆ ಬೆರಳಿಗೆ ಮಾತ್ರ ತಿಳಿಯುವಷ್ಟು ಸಂದು ಉಳಿಯಬೇಕು. ಮೊದಲ ಸಲ ಇದಕ್ಕೆ ನನಗೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ರಿಂಗ್ ಗೇರ್‌ನ ಹಲ್ಲುಗಳಿಗೆ ಕಪ್ಪು ಮಾರ್ಕರ್ ಬಳಿದು, ಕೈಯಿಂದ ಹತ್ತಿಪ್ಪತ್ತು ಸುತ್ತು ತಿರುಗಿಸಿ ಬಿಚ್ಚಿ ನೋಡುತ್ತೇನೆ. ಶಾಯಿ ಹಲ್ಲಿನ ನಡುಭಾಗದಲ್ಲಿ ಅಳಿಸಿದ್ದರೆ ಕಚ್ಚು ಸರಿಯಾಗಿದೆ ಎಂದು ಗೊತ್ತಾಗುತ್ತದೆ.

ಡಬ್ಬಿಯೊಳಗೆ ತುಂಬುವುದು ಸಿಲಿಕೋನ್ ಎಣ್ಣೆ. ಅದರ ಮಂದತೆಯನ್ನು ಸೆಂಟಿಸ್ಟೋಕ್‌ನಲ್ಲಿ ಹೇಳುತ್ತಾರೆ. ನೀರಿನದು ಸುಮಾರು 1. ನಾನು ಮುಂದಿನ ಗಾಲಿಗಳ ಡಿಫರೆನ್ಶಿಯಲ್‌ಗೆ 10,000, ಹಿಂದಿನದಕ್ಕೆ 7,000 ಹಾಕುತ್ತೇನೆ. ಒಮ್ಮೆ ಹಿಂದೆ 20,000 ಹಾಕಿ ನೋಡಿದ್ದೆ. ಮುರುಮಿನ ಮೇಲೆ ತಿರುಗುವಾಗ ಗಾಡಿಯ ಬಾಲ ಜಾರಿ ಹೋಗುತ್ತಿತ್ತು. ಶಿಲುಬೆ ಪಿನ್ ಮುಳುಗುವಷ್ಟು ಎಣ್ಣೆ ಹೊಯ್ದು, ಗುಳ್ಳೆಗಳು ಮೇಲೆ ಬರುವವರೆಗೆ ಅರ್ಧ ಗಂಟೆ ಬಿಡಬೇಕು. ಕಂಠಪೂರ್ತಿ ತುಂಬಿದರೆ ಬಿಸಿಗೆ ಎಣ್ಣೆ ಹಿಗ್ಗಿ, ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓ ರಿಂಗ್‌ಗಳನ್ನು ದಾಟಿ ಸೋರುತ್ತದೆ. ಮುಚ್ಚಳದ ಸಂದು ಮುಚ್ಚುವ ಕಾಗದದ ಗ್ಯಾಸ್ಕೆಟ್ಟನ್ನು ಎರಡನೆಯ ಸಲ ಬಳಸಬಾರದು. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಲೋಹಕ್ಕೆ ಲೋಹ ಕೂಡುವ ಕಡೆ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್‌ಲಾಕ್ ಒಂದು ಹನಿ ಸಾಕು. ಪ್ಲಾಸ್ಟಿಕ್‌ಗೆ ಅದನ್ನು ತಾಗಿಸಬಾರದು, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರಿಯುತ್ತವೆ.

ಬಿಚ್ಚದೆಯೇ ಸ್ಥಿತಿ ತಿಳಿಯಲು ಪ್ರತಿ ಭಾನುವಾರ ಗಾಡಿ ಒರೆಸುವಾಗ ಒಂದು ಪರೀಕ್ಷೆ ಮಾಡುತ್ತೇನೆ. ಹಿಂದಿನ ಗಾಲಿಗಳನ್ನು ಮೇಲೆತ್ತಿ ಒಂದನ್ನು ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ, ಜೇನಿನಲ್ಲಿ ತಿರುಗಿದಂತೆ ನಿಧಾನವಾಗಿ ತಿರುಗಬೇಕು. ಹಗುರಾಗಿ ಗಿರಗಿರನೆ ತಿರುಗಿದರೆ ಎಣ್ಣೆ ಸೋರಿದೆ. ಕೆಸರಿನಲ್ಲಿ ಓಡಿಸಿದ ದಿನ ಇಷ್ಟಕ್ಕೇ ನಿಲ್ಲದೆ ಹೊರಗಿನ ಬೇರಿಂಗ್‌ಗಳನ್ನು ತೆಗೆದು ಒಣಗಿಸುತ್ತೇನೆ.

ಹೀಗೆ ಜೋಡಿಸಿದ ಹಿಂದಿನ ಡಿಫರೆನ್ಶಿಯಲ್ ಒಂದು ಪೂರ್ತಿ ಮಳೆಗಾಲವನ್ನು ದಾಟಿತು. ದೀಪಾವಳಿಯ ರಜೆಯಲ್ಲಿ ಬಿಚ್ಚಿದಾಗ ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು, ಆದರೆ ಹಲ್ಲುಗಳ ನಡುಭಾಗದಲ್ಲಿ ಹೊಳಪು ಸಮನಾಗಿತ್ತು, ತುದಿಗಳು ಚೂಪಾಗಿಯೇ ಇದ್ದವು. ಮುಂದಿನ ಗಾಲಿಗಳ ಡಿಫರೆನ್ಶಿಯಲ್‌ನಲ್ಲಿ ಈಗ ಪಿನಿಯನ್ ದಂಡ ಎಳೆದರೆ ಉಗುರಿನ ಅಂಚಿನಷ್ಟು ಅಲುಗುತ್ತಿದೆ. ಗೇರ್‌ಗಳು ಇನ್ನೂ ಚೆನ್ನಾಗಿವೆ. ಬೇರಿಂಗ್‌ಗಳಿಗೆ ನಾನಾ ಪೇಠೆಯಲ್ಲಿ ಹೇಳಿಟ್ಟಿದ್ದೇನೆ, ಅವು ಬರುವವರೆಗೆ ಗಾಡಿಯನ್ನು ಓಡಿಸುತ್ತಿಲ್ಲ.