ವೀಣೆಗೆ ಮೇಳ ಕಟ್ಟುವುದು

ವೀಣೆಯ ಮೆಟ್ಟಿಲುಗಳು, ಅಂದರೆ ತಂತಿಯನ್ನು ಒತ್ತಿ ನುಡಿಸುವ ಲೋಹದ ಪಟ್ಟಿಗಳು, ನಿಂತಿರುವುದು ಮೇಣದ ಮೇಲೆ. ಬೇಸಿಗೆಯ ಸೆಕೆಗೆ ಅವು ಕುಸಿದು ಸ್ವರ ತಪ್ಪಿದರೆ ಹೊಸದಾಗಿ ಮೇಳ ಕಟ್ಟಬೇಕು, ಅಂದರೆ ಮೆಟ್ಟಿಲುಗಳನ್ನು ಹೊಸ ಮೇಣದಲ್ಲಿ ಸ್ವರಕ್ಕೆ ಸರಿಯಾಗಿ ಕೂರಿಸಬೇಕು.

ಜೇನುಮೇಣ ಕರಗಿಸಿ, ಜರಡಿ ಹಿಡಿದ ಇದ್ದಿಲ ಪುಡಿ, ಸ್ವಲ್ಪ ರಾಳ ಸೇರಿಸಿ ನಾದಿ. ರಾಳ ಹೆಚ್ಚಾದರೆ ಮೇಣ ಬಿರಿಯುತ್ತದೆ, ಕಡಿಮೆಯಾದರೆ ಮೆತ್ತಗಾಗುತ್ತದೆ. ದಂಡಿಯ (ವೀಣೆಯ ಉದ್ದನೆಯ ಕತ್ತಿನ) ಎರಡೂ ಅಂಚಿಗೆ ಗೋಡೆಯಂತೆ ಕಟ್ಟಿ, 24 ಮೆಟ್ಟಿಲನ್ನೂ ಹಗುರಾಗಿ ಒತ್ತಿ ಕೂರಿಸಿ.

ನುಡಿಸುವ ಮುಖ್ಯ ತಂತಿಯಾದ ಸಾರಣಿಯನ್ನು ಷಡ್ಜಕ್ಕೆ (ಸ) ಶ್ರುತಿ ಮಾಡಿ. 12ನೇ ಮೆಟ್ಟಿಲು ತಂತಿಯ ಸರಿಯರ್ಧಕ್ಕೆ. ಪಂಚಮದ (ಪ) 7ನೆಯದು, ತಂತಿ ಬಿಗಿಯುವ ಬಿರಡೆ ಕಡೆಯ ತುದಿಯಿಂದ ಮೂರನೇ ಒಂದು ಭಾಗಕ್ಕೆ. ಶುದ್ಧ ಮಧ್ಯಮದ (ಮ) 5ನೆಯದು ಅದೇ ತುದಿಯಿಂದ ಕಾಲು ಭಾಗಕ್ಕೆ. ಅಳತೆಯ ಕೆಲಸ ಇಷ್ಟೇ, ಉಳಿದದ್ದು ಕಿವಿಯದು. ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುವುದರಿಂದ ಮೆಟ್ಟಿಲನ್ನು ಕೂದಲೆಳೆಯಷ್ಟು ಬಿರಡೆ ಕಡೆಗೆ ಸರಿಸಬೇಕಾಗುತ್ತದೆ. ತಂತಿಯ ನಟ್ಟನಡುವೆ ಬೆರಳನ್ನು ಬರೀ ಸೋಕಿಸಿ ಮೀಟಿ. 12ನೇ ಮೆಟ್ಟಿಲಲ್ಲಿ ಒತ್ತಿದಾಗಲೂ ಅದೇ ಸ್ವರ ಬರಬೇಕು.

ಒಂದು ಮೆಟ್ಟಿಲಲ್ಲಿ ಮಾತ್ರ ತಂತಿ ಜರ್ರೆಂದರೆ ಕುದುರೆಯನ್ನು (ತಂತಿಗಳನ್ನು ಹೊರುವ ಸೇತುವೆ) ದೂರಬೇಡಿ. ಸಾಮಾನ್ಯವಾಗಿ ಆ ಮೆಟ್ಟಿಲೇ ಕುಸಿದಿರುತ್ತದೆ, ಇಲ್ಲವೇ ಕುದುರೆ ಕಡೆಗೆ ಅದರ ಮುಂದಿನದು ಎತ್ತರವಾಗಿರುತ್ತದೆ. ಕಾಯಿಸಿದ ಕಬ್ಬಿಣದ ಪಟ್ಟಿ ತಾಕಿಸಿ, ಮೇಣ ಮೆತ್ತಗಾದೊಡನೆ ಸರಿಪಡಿಸಿ. ಮೆಟ್ಟಿಲಿನ ಎರಡೂ ತುದಿ ಸಮವಿರಲಿ; ಓರೆಯಾದರೆ ಗಮಕಕ್ಕೆ (ಸ್ವರವನ್ನು ತೂಗಿಸಲು) ತಂತಿ ಎಳೆದಾಗ ನಾದ ಸತ್ತುಹೋಗುತ್ತದೆ.