ವರ್ಷದ ಓಡಾಟ, ಮನೆ ಕಥೆ ಎಲ್ಲಾ ಒಂದೇ ಪುಸ್ತಕದಲ್ಲಿ ಬರೆದಿಡೋದು ಹೇಗೆ

ವರ್ಷದ ನೆನಪು ಬರೆದಿಡ್ಬೇಕು ಅನ್ನೋ ಆಸೆ ತುಂಬಾ ಜನಕ್ಕಿರತ್ತೆ, ಆದ್ರೆ ಬರೆಯಕ್ಕೆ ಕೂತ್ರೆ ಬರೋದು ಬರೀ ಊರಿನ ವರ್ಣನೆ, ಬಾದಾಮಿ ಹಿಂಗಿತ್ತು, ಜೋಗ ಹಂಗಿತ್ತು ಅಂತ. ಅದನ್ನ ಯಾರು ಬೇಕಾದ್ರೂ ಬರೀತಾರೆ, ವೀಡಿಯೋಗಳೂ ಬೇಕಾದಷ್ಟಿವೆ. ನಮ್ಮನ್ನ ಬಿಟ್ಟು ಬೇರೆ ಯಾರೂ ಬರೆಯಕ್ಕಾಗದೇ ಇರೋದು ಅಂದ್ರೆ ಗುಹೆ ಮೆಟ್ಟಿಲು ಹತ್ತೋವಾಗ ಮಾವ ಎಲ್ಲಿ ಕೂತು ಸುಧಾರಿಸ್ಕೊಂಡ್ರು, ಆ ಟ್ರಿಪ್ಪನ್ನ ಅದೇ ತಿಂಗಳಿಗೆ ಯಾಕೆ ಇಟ್ಕೊಂಡ್ವಿ, ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅನ್ನೋದು. ಅದಕ್ಕೇ ನಾನು ಹೇಳೋ ಮುಖ್ಯ ಮಾತು ಇಷ್ಟೇ, ಓಡಾಟಕ್ಕೊಂದು ಪುಸ್ತಕ, ಮನೆಗೊಂದು ಪುಸ್ತಕ ಅಂತ ಬೇರೆ ಮಾಡ್ಬೇಡಿ, ಎರಡನ್ನೂ ಒಂದೇ ಹಾಳೆ ಮೇಲೆ ಇಡಿ.

ಮೊದಲು ವರ್ಷ ಎಲ್ಲಿಂದ ಎಲ್ಲಿಗೆ ಅಂತ ಗೊತ್ತು ಮಾಡ್ಕೊಳ್ಳಿ. ನಾವು ಯುಗಾದಿಯಿಂದ ಯುಗಾದಿಗೆ ಲೆಕ್ಕ ಇಡ್ತೀವಿ. ಜನವರಿಯಿಂದ ಡಿಸೆಂಬರ್ ಅಂದ್ರೆ ಕ್ರಿಸ್‌ಮಸ್ ರಜದ ಟ್ರಿಪ್ಪು ಅರ್ಧ ಈ ವರ್ಷಕ್ಕೆ ಅರ್ಧ ಮುಂದಿನ ವರ್ಷಕ್ಕೆ ಹೋಗತ್ತೆ, ಆದ್ರೆ ಯುಗಾದಿ ಲೆಕ್ಕದಲ್ಲಿ ಬೇಸಿಗೆ ರಜ, ಮಳೆಗಾಲ, ದಸರಾ, ಚಳಿಗಾಲದ ಜಾತ್ರೆ ಎಲ್ಲಾ ಸಾಲಾಗಿ ಕೂರತ್ತೆ. 2025ರ ಮಾರ್ಚ್ 30ಕ್ಕೆ ವಿಶ್ವಾವಸು ಸಂವತ್ಸರ ಶುರುವಾಯ್ತಲ್ಲ, ನಮ್ಮ ಹೋದ ಸಲದ ಪುಸ್ತಕ ಅಲ್ಲಿಂದಲೇ ಶುರು. ಸ್ಕೂಲ್ ಮಕ್ಕಳಿರೋ ಮನೆಗೆ ಜೂನ್‌ನಿಂದ ಬೇಸಿಗೆ ರಜದ ತನಕ ಅನ್ನೋ ಲೆಕ್ಕನೂ ಚೆನ್ನಾಗೇ ಆಗತ್ತೆ.

ಆಮೇಲೆ ತಾರೀಖು ಹುಡುಕೋ ಕೆಲಸ. ನೆನಪನ್ನ ನಂಬ್ಕೊಂಡು ಕೂರ್ಬೇಡಿ, ಮನೇಲಿ ಸಾಕ್ಷಿಗಳು ಬೇಕಾದಷ್ಟಿರತ್ತೆ. ಎಲ್ಲಕ್ಕಿಂತ ಒಳ್ಳೇದು ಅಡುಗೆ ಮನೆ ಗೋಡೆ ಮೇಲಿನ ಕ್ಯಾಲೆಂಡರು, ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಕೆಲಸದವರು ಬರದ ದಿನ ಎಲ್ಲಾ ಅದರಲ್ಲೇ ಬರೆದಿರತ್ತೆ, ಹಾಲು ಬೇಡ ಅಂತ ಅಡ್ಡಗೆರೆ ಹಾಕಿರೋ ದಿನ ಅಂದ್ರೆ ನಾವು ಊರಲ್ಲಿರಲಿಲ್ಲ ಅಂತ ಅರ್ಥ. ಹಳೇ ಕ್ಯಾಲೆಂಡರನ್ನ ಯುಗಾದಿ ಮುಗಿಯೋ ತನಕ ಎಸೀಬೇಡಿ. ಆಮೇಲೆ ಫೋನ್‌ಪೇ, ಗೂಗಲ್ ಪೇ ಹಿಸ್ಟರಿ ತೆಗೀರಿ, ಯಾವ ಊರಲ್ಲಿ ಎಷ್ಟು ಹೊತ್ತಿಗೆ ಟೀ ಕುಡಿದ್ರಿ ಅನ್ನೋದೂ ಅದರಲ್ಲಿ ಸಿಗತ್ತೆ. ಕಾರಲ್ಲಿ ಹೋಗಿದ್ರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟಲ್ಲಿ ಟೋಲ್ ಹೆಸರು, ಟೈಮು ಎರಡೂ ಇರತ್ತೆ. ಟ್ರೈನಿಗೆ ಬುಕಿಂಗ್ ಮೆಸೇಜು. ಬಸ್ ಟಿಕೆಟ್ ವಿಷಯದಲ್ಲಿ ಮಾತ್ರ ತಡ ಮಾಡ್ಬೇಡಿ, ಆ ತೆಳ್ಳನೆ ಪೇಪರ್ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಹೋಗತ್ತೆ, ಕೈಗೆ ಬಂದ ದಿನಾನೇ ಫೋಟೋ ತೆಗೆದಿಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಮ್ಮ, ಚಿಕ್ಕಮ್ಮ ಎಲ್ಲಾ ಸೇರಿ ಬಸ್ಸಲ್ಲಿ ಎಷ್ಟು ಊರು ನೋಡಿದ್ರು ಅಂದ್ರೆ ಅವರ ಝೀರೋ ಟಿಕೆಟ್‌ಗಳೇ ಒಂದು ಡೈರಿ, ದುಡ್ಡಿಲ್ಲದ ಟಿಕೆಟ್ ಅಂತ ಅದನ್ನ ಬಿಸಾಕಕ್ಕೆ ಬಿಡ್ಬೇಡಿ, ಹತ್ತಿದ ಊರು ಇಳಿದ ಊರು ಅದರಲ್ಲಿರತ್ತೆ.

ಫೋಟೋ ತಾರೀಖು ನೋಡೋವಾಗ ಒಂದು ವಿಷಯ ಗಮನದಲ್ಲಿಡಿ. ವಾಟ್ಸಾಪಲ್ಲಿ ಬಂದ ಫೋಟೋ ಮೇಲೆ ತೋರಿಸೋ ದಿನ ಸಾಮಾನ್ಯವಾಗಿ ನಿಮಗೆ ಬಂದ ದಿನ, ತೆಗೆದ ದಿನ ಅಲ್ಲ. ಅದಕ್ಕೆ ತೆಗೆದವರ ಫೋನಿಂದನೇ ನೋಡ್ಬೇಕು, ಇಲ್ಲಾ ಅವರಿಗೆ ಫೋಟೋನ ಡಾಕ್ಯುಮೆಂಟ್ ಆಗಿ ಕಳ್ಸಕ್ಕೆ ಹೇಳ್ಬೇಕು, ಆಗ ಕ್ವಾಲಿಟಿನೂ ಹಾಳಾಗಲ್ಲ, ತಾರೀಖೂ ಉಳಿಯತ್ತೆ.

ಇಷ್ಟಾದ ಮೇಲೆ ತಿಂಗಳಿಗೊಂದು ಹಾಳೆ ತಗೊಂಡು ಮಧ್ಯಕ್ಕೆ ಒಂದು ಗೆರೆ ಎಳೀರಿ, ಎಡಗಡೆ ಓಡಾಟ, ಬಲಗಡೆ ಮನೆ. ಬರೀ ಒಂದೊಂದು ಸಾಲು ಸಾಕು. ಇದನ್ನ ಮಾಡಿದಾಗ್ಲೇ ಯಾವುದಕ್ಕೆ ಯಾವುದು ಕಾರಣ ಅಂತ ಕಾಣಕ್ಕೆ ಶುರುವಾಗೋದು. ನಮ್ಮ ಬಾದಾಮಿ ಟ್ರಿಪ್ಪನ್ನೇ ತಗೊಳ್ಳಿ, ದಸರಾ ರಜದಲ್ಲೇ ಹೋಗೋದು ಅಂತಿತ್ತು, ಆದ್ರೆ ಬಲಗಡೆ ನೋಡಿದ್ರೆ ಅಷ್ಟೊತ್ತಿಗೆ ಮಾವನಿಗೆ ಕಣ್ಣಿನ ಪೊರೆ ಆಪರೇಶನ್ ಆಗಿತ್ತು, ಡಾಕ್ಟ್ರು ಧೂಳಲ್ಲಿ ಓಡಾಡ್ಬೇಡಿ ಅಂದಿದ್ರು, ಹಾಗಾಗಿ ಜನವರಿಗೆ ಹೋಯ್ತು, ಜನವರಿಗೆ ಹೋಗಿದ್ದಕ್ಕೇ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಸಿಕ್ಕಿತು. ಮಾವ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ಕಪ್ಪೆ ಅರಭಟ್ಟನ ಶಾಸನದ ತ್ರಿಪದಿನ ಜೀವನಪೂರ್ತಿ ಮಕ್ಕಳಿಗೆ ಪಾಠ ಮಾಡಿದ್ರು, ಬಂಡೆ ಮೇಲೆ ಅದನ್ನ ಕಣ್ಣಾರೆ ನೋಡಿದ್ದು ಮಾತ್ರ ಆಪರೇಶನ್ ಆದ ಕಣ್ಣಲ್ಲೇ. ಆಸ್ಪತ್ರೆ ವಿಷಯ ಒಂದು ಕಡೆ, ಟ್ರಿಪ್ ವಿಷಯ ಇನ್ನೊಂದು ಕಡೆ ಬರೆದಿದ್ರೆ ಈ ಸಂಬಂಧ ಯಾರಿಗೂ ಕಾಣ್ತಿರಲಿಲ್ಲ.

ಯಾವುದನ್ನ ಉದ್ದ ಬರೀಬೇಕು, ಯಾವುದನ್ನ ಒಂದು ಸಾಲಲ್ಲಿ ಬಿಡ್ಬೇಕು ಅಂತ ಕೇಳ್ತೀರ. ಎಲ್ಲಾ ಟ್ರಿಪ್ಪಿಗೂ ಒಂದೇ ಅಳತೆ ಬೇಡ. ಮನೆಯವರನ್ನ ಕೂರಿಸ್ಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಇನ್ನೊಬ್ಬರಿಗೆ ಕೇಳಿಸದ ಹಾಗೆ, ಆ ಟ್ರಿಪ್ಪಲ್ಲಿ ಮೊದಲು ನೆನಪಾಗೋದು ಏನು ಅಂತ ಕೇಳಿ. ಮಗಳಿಗೆ ಬಾದಾಮಿ ಅಂದ್ರೆ ಚಿಪ್ಸ್ ಪ್ಯಾಕೆಟ್ ಕಿತ್ಕೊಂಡು ಹೋದ ಕೋತಿ. ನನ್ನ ಗಂಡನಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಲ್ಲಿ ಬೆಳಗ್ಗೆ ಎದ್ದಾಗ ಕಂಡ ಜೋಳದ ಹೊಲ. ಅತ್ತೆಗೆ ಬನಶಂಕರಿ ದೇವಸ್ಥಾನದ ಹತ್ರ ಬುಟ್ಟಿ ಇಟ್ಕೊಂಡು ಕೂತಿದ್ದ ಅಮ್ಮನ ಕೈಯ ಜೋಳದ ರೊಟ್ಟಿ, ಕೆಂಪು ಚಟ್ನಿ, ಮಡಿಕೆ ಮೊಸರು, ಆಯಮ್ಮ ಅತ್ತೆಗೆ 'ಇನ್ನೊಂದ್ ತಗೋರಿ ಯವ್ವಾ' ಅಂತ ಒತ್ತಾಯ ಮಾಡಿ ಹಾಕಿದ್ದು. ಇಷ್ಟು ಜನ ಇಷ್ಟು ಬೇರೆ ಬೇರೆ ಹೇಳಿದ್ರೆ ಆ ಟ್ರಿಪ್ ಉದ್ದ ಬರೀಬಹುದು. ಎಲ್ಲರೂ 'ಚೆನ್ನಾಗಿತ್ತು' ಅಂತ ಅಷ್ಟೇ ಹೇಳಿದ್ರೆ ಒಂದು ಸಾಲು, ಒಂದು ಫೋಟೋ ಸಾಕು, ಮುಂದೆ ಹೋಗಿ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಮಂಗಳೇಶನ ಶಾಸನ ಇದೆ ಅನ್ನೋ ಥರದ ಮಾಹಿತಿನೂ ಹಾಕಿ, ಆದ್ರೆ ಅದನ್ನ ಯಾರು ಯಾರಿಗೆ ಹೇಳಿದ್ರು ಅಂತ ಸೇರಿಸಿ ಹಾಕಿ, ನಮ್ಮ ಪುಸ್ತಕದಲ್ಲಿ ಅದು ತಾತ ಮೊಮ್ಮಗಳಿಗೆ ಹೇಳಿದ್ದು ಅಂತಾನೇ ಇದೆ.

ಈಗ ದೊಡ್ಡೋರನ್ನ ಮಾತಾಡಿಸೋ ವಿಷಯ, ಇದಕ್ಕೆ ನಾನು ಉಳಿದಿದ್ದೆಲ್ಲಕ್ಕಿಂತ ಜಾಸ್ತಿ ಟೈಮ್ ಕೊಡಿ ಅಂತೀನಿ.

ನನ್ನ ತವರು ಸಾಗರದ ಕಡೆ. 2025ರ ಮೇ ತಿಂಗಳಲ್ಲಿ ಅಜ್ಜಿ, ದೊಡ್ಡಮ್ಮ, ಅಮ್ಮ ಎಲ್ಲರನ್ನೂ ಕರ್ಕೊಂಡು ಸಿಗಂದೂರಿಗೆ ಹೋದ್ವಿ, ಅಂಬಾರಗೋಡ್ಲಿಂದ ಶರಾವತಿ ಹಿನ್ನೀರು ದಾಟಿಸೋ ಲಾಂಚಲ್ಲಿ. ಪಕ್ಕದಲ್ಲೇ ಹೊಸ ಸೇತುವೆ ನಿಂತಿತ್ತು, ಇನ್ನೂ ಬಿಟ್ಟಿರಲಿಲ್ಲ, ಜುಲೈ 14ಕ್ಕೆ ಉದ್ಘಾಟನೆ ಆಯ್ತು. ಸೇತುವೆ ಆದ್ಮೇಲೆ ಹೀಗೆ ದಾಟೋದು ಇರಲ್ಲ ಅಂತಾನೇ ಅವಸರ ಮಾಡಿ ಹೋಗಿದ್ದು. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಆಸ್ಪತ್ರೆಗೆ, ಕಾಲೇಜಿಗೆ, ಎಲ್ಲಾದಕ್ಕೂ ಲಾಂಚ್ ಕಾಯ್ಬೇಕಿತ್ತು, ಅವರಿಗೆ ಆ ಸೇತುವೆ ಎಷ್ಟು ವರ್ಷದ ಕನಸು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಲಾಂಚ್ ನಡುನೀರಿಗೆ ಬಂದಾಗ ಅಜ್ಜಿ ಒಂದು ದಿಕ್ಕಿಗೆ ಕೈ ತೋರಿಸಿ 'ನಮ್ಮ ಗದ್ದೆ ಆ ಬದಿಗೆ ಇತ್ತು' ಅಂದ್ರು, ನೀರು ಬಿಟ್ರೆ ಅಲ್ಲಿ ಏನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದಾಗ ಮುಳುಗಿದ ಊರುಗಳಲ್ಲಿ ಅಜ್ಜಿ ಹುಟ್ಟಿದ ಊರೂ ಒಂದು. ಅಜ್ಜಿ ಈ ವಿಷಯನ ಮನೇಲಿ ಕೂತು ಹೇಳಿದ್ದು ನಾನು ಕೇಳೇ ಇರಲಿಲ್ಲ, ನೀರಿನ ಮೇಲೆ ಹೋದಾಗ ಬಾಯಿ ಬಿಟ್ರು.

ಅವತ್ತೇ ನನಗೆ ಅನ್ನಿಸಿದ್ದು, ದೊಡ್ಡೋರನ್ನ ಪ್ರಶ್ನೆ ಕೇಳೋದಾದ್ರೆ ಜಾಗ ತೋರಿಸಿ ಕೇಳ್ಬೇಕು. ಅಲ್ಲಿಗೆ ಹೋಗಕ್ಕಾಗದಿದ್ರೆ ಫೋಟೋ ಮುಂದಿಟ್ಟು ಕೇಳಿ. 'ಆಗಿನ ನಿಮ್ಮ ಅನುಭವ ಹೇಳಿ' ಅಂದ್ರೆ ಯಾರೂ ಹೇಳಲ್ಲ, 'ಊರು ಬಿಟ್ಟ ದಿನ ಒಲೆ ಹಚ್ಚಿದ್ರಾ, ಏನು ಅಡುಗೆ' ಅಂತ ಕೇಳಿ. ನಾನು ಹಂಗೆ ಕೇಳಿದ್ದಕ್ಕೆ ಅಜ್ಜಿ ಮನೆ ಹಂಚು ಇಳಿಸಿ ಲಾರಿಗೆ ಹೇರಿದ್ದು, ಕೊಟ್ಟಿಗೆ ದನ ಯಾರಿಗೆ ಕೊಟ್ಟಿದ್ದು, ಅವತ್ತು ಬರೀ ಗಂಜಿ ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಊಟ ಅಂತ ಎಲ್ಲಾ ಹೇಳ್ತಾ ಹೋದ್ರು. ಫೋನಲ್ಲಿ ರೆಕಾರ್ಡರ್ ಆನ್ ಮಾಡೋ ಮುಂಚೆ ಅವರಿಗೆ ಹೇಳಿ, ಒಪ್ಪಿದ್ರೆ ಮಾತ್ರ ಮಾಡಿ, ಫೋನನ್ನ ಮುಖದ ಮುಂದೆ ಹಿಡೀಬೇಡಿ, ಪಕ್ಕದಲ್ಲಿ ಬಟ್ಟೆ ಮೇಲೆ ಇಡಿ, ಫ್ಯಾನ್ ಆಫ್ ಮಾಡಿ. ಶುರುವಲ್ಲಿ ನೀವೇ ತಾರೀಖು, ಜಾಗ, ಯಾರ್ಯಾರಿದೀರ ಅಂತ ಹೇಳಿ. ನಡುವೆ ಸುಮ್ಮನಾದ್ರೆ ಇನ್ನೊಂದು ಪ್ರಶ್ನೆ ಹಾಕ್ಬೇಡಿ, ಸ್ವಲ್ಪ ಕಾಯಿರಿ, ಒಳ್ಳೇ ಮಾತು ಆಮೇಲೆ ಬರತ್ತೆ. ಕೈಲಿ ಏನಾದ್ರೂ ಕೆಲಸ ಇದ್ರೆ ಇನ್ನೂ ಒಳ್ಳೇದು, ಮೇ ತಿಂಗಳಲ್ಲಿ ನಮ್ಮ ಕಡೆ ಹಲಸಿನಕಾಯಿ ಹಪ್ಪಳ ಮಾಡೋ ಕಾಲ, ಹಪ್ಪಳ ಒತ್ತುತ್ತಾ ಒತ್ತುತ್ತಾ ಹೇಳಿದ ಮಾತಿನ ರೆಕಾರ್ಡಿಂಗೇ ನಮ್ಮಲ್ಲಿ ಜಾಸ್ತಿ. 'ಅದೆಲ್ಲ ಎಂತಕ್ಕೆ ಬರಿಯೋದು ಮಾರಾಯ್ತಿ' ಅಂತ ಅಜ್ಜಿ ಅಂದಿದ್ದೂ ಅದರಲ್ಲಿದೆ, ಅದನ್ನೂ ಹಂಗೇ ಬರೆದಿದೀನಿ.

ಹೌದು, ಅವರ ಮಾತನ್ನ ಬರೆಯೋವಾಗ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. 'ಎಂತ', 'ಯವ್ವಾ', 'ಹೋತು', 'ಬಂತು' ಯಾರು ಹೇಗೆ ಹೇಳಿದ್ರೋ ಹಾಗೇ ಇರಲಿ. ಟೈಪ್ ಮಾಡೋದು ಕಷ್ಟ ಅಂದ್ರೆ ಜೀಬೋರ್ಡ್ ಅನ್ನೋ ಗೂಗಲ್ ಕೀಬೋರ್ಡಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ, ನೀವು ರೆಕಾರ್ಡಿಂಗ್ ಕೇಳಿ ನಿಮ್ಮ ಬಾಯಲ್ಲಿ ನಿಧಾನಕ್ಕೆ ಮತ್ತೆ ಹೇಳಿ, ಬರೆದುಕೊಳ್ಳತ್ತೆ, ಆಡುಮಾತನ್ನ ತಪ್ಪು ತಪ್ಪಾಗಿ ಬರೆದ ಕಡೆ ಮಾತ್ರ ಕೈಯಲ್ಲಿ ಸರಿ ಮಾಡಿ.

ಕಷ್ಟದ ಪುಟಗಳೂ ಬರತ್ತೆ. ದೊಡ್ಡಮ್ಮ ಶ್ರಾವಣದಲ್ಲಿ ತೀರ್ಕೊಂಡ್ರು, ಆ ಲಾಂಚ್ ಪ್ರಯಾಣವೇ ಅವರು ನಮ್ಮ ಜೊತೆ ಬಂದ ಕೊನೆ ಪ್ರಯಾಣ ಆಯ್ತು. ಇಂಥಾ ಪುಟನ ಬಿಟ್ಟು ಮುಂದೆ ಹೋಗ್ಬೇಡಿ, ಹಾಗಂತ ದೊಡ್ಡ ದೊಡ್ಡ ಮಾತೂ ಬೇಡ. ತಾರೀಖು, ಅದರ ಜೊತೆ ಮಾಸ, ಪಕ್ಷ, ತಿಥಿ ಬರೀರಿ, ಮುಂದೆ ವರ್ಷಾಬ್ದಿಕಕ್ಕೆ ಮಕ್ಕಳು ಹುಡುಕೋದು ಅದನ್ನೇ. ಯಾರ್ಯಾರು ಬಂದ್ರು, ಯಾರು ರಾತ್ರಿ ಉಳ್ಕೊಂಡು ಅಡುಗೆ ಮಾಡಿದ್ರು ಅಂತ ಬರೀರಿ. ಆಮೇಲೆ ಅವರಿಗೇ ಸೇರಿದ್ದು ಒಂದು, ನಾವು ದೊಡ್ಡಮ್ಮ ಮಾಡ್ತಿದ್ದ ಪತ್ರೊಡೆ ಅಳತೆನ ಅವರ ಮಗಳನ್ನ ಕೇಳಿ ಬರೆದ್ವಿ, ಕೆಸುವಿನ ಎಲೆ ಯಾವುದು ತರ್ಬೇಕು ಅನ್ನೋದೂ ಸೇರಿಸಿ. ಮನೆಯೊಳಗಿನ ಜಗಳ, ದುಡ್ಡಿನ ವಿಷಯ ಬರೆಯೋದಿದ್ರೆ ಸಂಬಂಧಪಟ್ಟವರಿಗೆ ತೋರಿಸಿ ಬರೀರಿ, ಬೇಡ ಅಂದ್ರೆ ತೆಗೀರಿ. ಪುಸ್ತಕಕ್ಕೋಸ್ಕರ ಯಾರ ಮನಸ್ಸೂ ನೋಯಬಾರದು. ಟ್ರಿಪ್ಪಿನ ಖರ್ಚನ್ನ ಮಾತ್ರ ತಪ್ಪದೇ ಬರೀರಿ, ರೊಟ್ಟಿ ಊಟಕ್ಕೆ ಎಷ್ಟು, ರೂಮಿಗೆ ಎಷ್ಟು ಅಂತ, ಮುಂದೆ ಓದೋವಾಗ ಅದಕ್ಕಿಂತ ಮಜಾ ಇನ್ನೊಂದಿಲ್ಲ.

ಫೋಟೋ ಕಮ್ಮಿ ಹಾಕಿ. ಎಲ್ಲರೂ ಸಾಲಾಗಿ ನಿಂತಿರೋದು ಒಂದು, ಯಾರೂ ಕ್ಯಾಮೆರಾ ನೋಡದೇ ಇರೋದು ಒಂದು, ಜನರೇ ಇಲ್ಲದ ಸಾಮಾನು ಫೋಟೋ ಒಂದು, ರೊಟ್ಟಿ ಬುಟ್ಟಿನೋ ಚಪ್ಪಲಿ ಸಾಲೋ ಯಾವುದಾದ್ರೂ ಸರಿ. ಪ್ರಿಂಟ್ ಹಾಕಿಸಿದ ಮೇಲೆ ಹಿಂದುಗಡೆ ಅಂಚಲ್ಲಿ ಮೆತ್ತನೆ ಪೆನ್ಸಿಲಲ್ಲಿ ಎಡದಿಂದ ಬಲಕ್ಕೆ ಹೆಸರು ಬರೀರಿ, ಜೆಲ್ ಪೆನ್ ಇಂಕು ಫೋಟೋ ಪೇಪರ್ ಮೇಲೆ ಬೇಗ ಒಣಗಲ್ಲ, ಮೇಲಿಟ್ಟ ಫೋಟೋಗೆ ಅಂಟತ್ತೆ. 'ಅಮ್ಮ', 'ಮಾವ' ಅಂತ ಬರೆದ್ರೆ ಸಾಲದು, ಯಾರ ಅಮ್ಮ ಅಂತ ಮೊಮ್ಮಕ್ಕಳಿಗೆ ಗೊತ್ತಾಗಲ್ಲ, ಪೂರ್ತಿ ಹೆಸರೇ ಇರಲಿ.

ಮಕ್ಕಳಿಗೆ ಮ್ಯಾಪ್ ಕೆಲಸ ಕೊಡಿ. ಕರ್ನಾಟಕದ ಔಟ್‌ಲೈನ್ ಮ್ಯಾಪ್ ಸ್ಟೇಶನರಿ ಅಂಗಡೀಲಿ ಸಿಗತ್ತೆ, ಹೋದ ದಾರಿನೆಲ್ಲ ಬಣ್ಣದ ಪೆನ್ಸಿಲಲ್ಲಿ ಎಳೀಲಿ. ನಮ್ಮ ಮಗಳು ಸಾಗರಕ್ಕೆ ಎರಡು ಗೆರೆ ಎಳೆದಳು, ಮೇ ತಿಂಗಳದ್ದು ನೀರಿನ ಮೇಲೆ ನೀಲಿ, ದಸರಾ ರಜದಲ್ಲಿ ಸೇತುವೆ ಮೇಲೆ ಹೋಗಿದ್ದು ಕೆಂಪು.

ಕೊನೆಗೆ ಪುಸ್ತಕ ಮಾಡಿಸೋದು. ಎ4 ಹಾಳೇಲಿ ಅಕ್ಷರ ದಪ್ಪಗೆ ಹಾಕಿ, ಅಜ್ಜಿ ಕನ್ನಡಕ ಹುಡುಕದೇ ಓದೋ ಹಂಗಿರಲಿ. ಹತ್ತಿರದ ಜೆರಾಕ್ಸ್ ಅಂಗಡೀಲಿ ಸ್ಪೈರಲ್ ಬೈಂಡಿಂಗ್ ಆಗತ್ತೆ, ಹಾಳೆ ಪೂರ್ತಿ ತೆರ್ಕೊಳ್ಳತ್ತೆ ಅಂತ ನನಗೆ ಅದೇ ಇಷ್ಟ, ಗಟ್ಟಿ ರಟ್ಟು ಬೇಕು ಅನ್ನೋರು ಕಾಲೇಜು ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡೋ ಕಡೆ ಕೊಡಿ. ಒಂದೇ ಕಾಪಿ ಮಾಡಿಸ್ಬೇಡಿ, ನಮ್ಮಲ್ಲಿ ಒಂದು, ತವರಿಗೆ ಒಂದು, ಅತ್ತೆ ಮಾವನ ಊರಿಗೆ ಒಂದು. ರೆಕಾರ್ಡಿಂಗ್, ಫೋಟೋ, ಬರೆದಿದ್ದು ಮೂರೂ ಒಂದು ಪೆನ್‌ಡ್ರೈವಿಗೂ ಗೂಗಲ್ ಡ್ರೈವಿಗೂ ಹಾಕಿಡಿ, ಫೋಲ್ಡರ್ ಹೆಸರಲ್ಲಿ ವರ್ಷ ಇರಲಿ.

ಬೈಂಡಿಂಗಿಗೆ ಕೊಡೋವಾಗ ಹಿಂದುಗಡೆ ಒಂದಷ್ಟು ಖಾಲಿ ಹಾಳೆ ಸೇರಿಸಕ್ಕೆ ಹೇಳಿ. ಪುಸ್ತಕ ಊರಿಗೆ ಹೋದ್ಮೇಲೆ ಓದಿದವರು ಸುಮ್ಮನಿರಲ್ಲ, ಅದು ಹಂಗಲ್ಲ ಹಿಂಗೆ ಅಂತಾರೆ, ಮರೆತಿದ್ದನ್ನ ಹೇಳ್ತಾರೆ, ಅದನ್ನ ಅವರ ಕೈಯಲ್ಲೇ ಅಲ್ಲೇ ಬರೆಸಿ, ಬರೆಯಕ್ಕಾಗದವರದ್ದು ಮಕ್ಕಳು ಬರ್ಕೊಳ್ಳಲಿ. ಸಾಗರದ ಕಾಪಿಯ ಖಾಲಿ ಹಾಳೇಲಿ ಮೊದಲು ಬರೆದಿದ್ದು ಅಜ್ಜಿ ತಮ್ಮ, ಅವತ್ತು ದನ ಕೊಟ್ಟಿದ್ದು ಯಾರಿಗೆ ಅನ್ನೋದನ್ನ ತಿದ್ದಿದಾರೆ.